ಕೈ ಬಿಡಿಸಿಕೊಳ್ಳುವ ಪಾಠ

ಆ ಮನೆಯಲ್ಲಿ ನೇತಾಡುವ ವಸ್ತು ಒಂದೂ ಇರಲಿಲ್ಲ. ಗೋಡೆಯ ಮೊಳೆಗಳನ್ನೆಲ್ಲ ಕಿತ್ತು ತೂತುಗಳಿಗೆ ಸೋಪು ಮೆತ್ತಿದ್ದರು. ಅಂಗಿಗಳು ಮಡಿಸಿ ಪೆಟ್ಟಿಗೆಯೊಳಗೆ, ಕೊಡೆ ಮೂಲೆಯಲ್ಲಿ ಅಡ್ಡಡ್ಡ, ಈರುಳ್ಳಿ ನೆಲದ ಮೇಲೆ ಹರಡಿ. ನಡುಮನೆಯಲ್ಲಿ ವೈರಿನ ತುದಿಗೆ ಇಳಿಬಿದ್ದಿದ್ದ ಬಲ್ಬನ್ನು ತೆಗೆಸಿ ಗೋಡೆಗೆ ಅಂಟಿದಂತೆ ಕೂರಿಸಿದ್ದರು. ಹಿತ್ತಲಲ್ಲಿ ಎರಡು ಕಂಬಗಳಿದ್ದವು, ನಡುವೆ ಹಗ್ಗವಿರಲಿಲ್ಲ. ಒದ್ದೆ ಬಟ್ಟೆಯೆಲ್ಲ ಕುರ್ಚಿಗಳ ಬೆನ್ನ ಮೇಲೆ ಒಣಗುತ್ತಿತ್ತು. ಹೊಸಬರು ಬಂದರೆ ಮನೆ ಎಷ್ಟು ಅಚ್ಚುಕಟ್ಟು ಎಂದು ಹೊಗಳುತ್ತಿದ್ದರು. ಸಂಗತಿ ಗೊತ್ತಿದ್ದವರು ಒಣಗಿದ ಕುರ್ಚಿ ಯಾವುದೆಂದು ಮುಟ್ಟಿ ನೋಡಿ, ಮಾತಿಲ್ಲದೆ ಕೂತುಕೊಳ್ಳುತ್ತಿದ್ದರು.

ಮನೆಯವಳು ಕ್ಯಾನ್ವಾಸ್ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಲಾರಿಯ ಟಾರ್ಪಾಲು, ಡೇರೆ, ಶಾಲೆಯ ಚೀಲ, ಬೆನ್ನಿಗೆ ಹಾಕುವ ದೊಡ್ಡ ಚೀಲಗಳ ಪಟ್ಟಿ, ಹೀಗೆ ಗಟ್ಟಿ ಹೊಲಿಗೆ ಏನಿದ್ದರೂ ಅವಳ ಮಿಷನ್ನಿಗೇ ಬರುತ್ತಿತ್ತು. ಆಳು ಸಪೂರ, ಮಾತು ಕಮ್ಮಿ, ಆಡಿದರೆ ಚುಚ್ಚುವಂಥದ್ದು. ಮದುವೆಯಾಗಿ ಬಂದ ಹೊಸತರಲ್ಲೇ ಅತ್ತೆ ‘ಸೂಜಿ’ ಎಂದು ಕರೆದಳು, ಅದೇ ಹೆಸರು ನಿಂತಿತು.

ಸೂಜಿಯ ಗಂಡ ಬೀಗ ರಿಪೇರಿಯವನು. ವಾರವೆಲ್ಲ ಕಂಡವರ ಬಾಗಿಲ ಮುಂದೆ ಮಂಡಿಯೂರಿ ಕೂತು ಕೆಲಸ ಮಾಡಿ, ಭಾನುವಾರ ಬಂದರೆ ಊರಾಚೆಯ ಬೆಟ್ಟಕ್ಕೆ ಹೋಗಿ ಬಂಡೆ ಹತ್ತುತ್ತಿದ್ದ. ಜೊತೆಗೆ ಹೋಗುತ್ತಿದ್ದವನು ಕರೆಂಟು ಕಂಬ ಹತ್ತುವ ಲೈನ್‌ಮನ್. ಅವರದು ಹಳೆಯ ರೀತಿಯ ಹತ್ತುವಿಕೆ. ಬಂಡೆಗೆ ಮೊಳೆ ಹೊಡೆಯುವುದಿಲ್ಲ. ಮುಂದೆ ಹೋಗುವವನು ಸೊಂಟದ ಪಟ್ಟಿಗೆ ಹಗ್ಗ ಕಟ್ಟಿಕೊಂಡು, ಬಿರುಕು ಕಂಡಲ್ಲಿ ಅದಕ್ಕೆ ಹೊಂದುವ ಲೋಹದ ತುಂಡು ಸಿಕ್ಕಿಸಿ, ಅದರೊಳಗೆ ಹಗ್ಗ ಹಾಯಿಸಿಕೊಂಡು ಮೇಲೇರುತ್ತಾನೆ. ಕೆಳಗಿನವನು ತನ್ನನ್ನು ಬಂಡೆಗೆ ಬಿಗಿದುಕೊಂಡು ನಿಂತು ಹಗ್ಗ ಬಿಡುತ್ತಾ ಹೋಗುತ್ತಾನೆ. ಮೇಲಿನವನು ಜಾರಿದರೆ ಹಿಡಿದು ನಿಲ್ಲಿಸುವುದು ಅವನ ಕೆಲಸ. ಆಮೇಲೆ ಅವನೂ ಹತ್ತುತ್ತಾ, ಸಿಕ್ಕಿಸಿದ ತುಂಡುಗಳನ್ನೆಲ್ಲ ಬಿಡಿಸಿಕೊಂಡು ಬರಬೇಕು. ಹತ್ತಿದ ಗುರುತು ಬಂಡೆಯ ಮೇಲೆ ಉಳಿಯಬಾರದು.

ಇದನ್ನು ಹೇಳಿಕೊಂಡು ಬೀಗದವನು ನಗುತ್ತಿದ್ದ. ಗುರುತು ಬಿಡದೆ ಒಳಗೆ ಹೋಗಿ ಬರುವುದೇ ತನ್ನ ಕಸುಬು, ಕಳ್ಳನಿಗೂ ತನಗೂ ಇರುವ ವ್ಯತ್ಯಾಸ ಇಷ್ಟೇ, ತನ್ನನ್ನು ಜನ ಕರೆಸಿಕೊಳ್ಳುತ್ತಾರೆ ಎನ್ನುತ್ತಿದ್ದ.

ಅವನು ಸತ್ತದ್ದು ಒಂದು ಭಾನುವಾರ. ಅರ್ಧ ದಾರಿಯ ಅಂಚಿನ ಮೇಲೆ ನಿಂತು, ಮುಂದಿನ ಏರಿಗೆ ಹೊರಡುವ ಮುನ್ನ, ಮೇಲೆ ಕಲ್ಲಿನ ಕೊಂಬುಗಳಿವೆ, ಸುತ್ತಿ ಕಟ್ಟಲು ಬೇಕಾಗುತ್ತದೆ, ನಿನ್ನ ಹುರಿಗಳನ್ನೂ ಕೊಡು ಎಂದು ಲೈನ್‌ಮನ್‌ನನ್ನು ಕೇಳಿದ. ಕಿರುಬೆರಳಿಗಿಂತ ಸಣ್ಣ ಹುರಿಯ ಕುಣಿಕೆಗಳು ಅವು. ಮೇಲಿನವನು ಪೆಟ್ಟು ತಿಂದು ನೇತಾಡಿದರೆ, ಕೆಳಗಿನವನು ಆ ಕುಣಿಕೆಯನ್ನು ಬಿಗಿದ ಹಗ್ಗಕ್ಕೆ ಸುತ್ತಿ, ತನ್ನ ಮೇಲಿರುವ ಭಾರವನ್ನು ಬಂಡೆಗೆ ದಾಟಿಸಿ, ತಾನು ಬಿಡಿಸಿಕೊಂಡು ನೆರವಿಗೆ ಹೋಗಬೇಕು. ಲೈನ್‌ಮನ್ ಇದನ್ನು ಕೇಳಿ ಬಲ್ಲ, ಮಾಡಿ ಬಲ್ಲವನಲ್ಲ. ಅವನ ಕಸುಬೇ ಅವನನ್ನು ದಾರಿ ತಪ್ಪಿಸಿತ್ತು. ಕಂಬದ ಮೇಲೆ ಸೊಂಟದ ಪಟ್ಟಿಗೆ ಒರಗಿದರೆ ಎರಡು ಕೈಯೂ ಕೆಲಸಕ್ಕೆ ಸಿಗುತ್ತವೆ. ಇನ್ನೊಬ್ಬನ ಭಾರ ಕೈಯಲ್ಲಿ ಸಿಕ್ಕಿಕೊಳ್ಳಬಹುದು ಎಂದು ಅವನು ಒಂದು ದಿನವೂ ಯೋಚಿಸಿರಲಿಲ್ಲ. ಕುಣಿಕೆಗಳನ್ನೆಲ್ಲ ಬಿಚ್ಚಿ ಕೊಟ್ಟ. ತನಗೆಂದು ಒಂದನ್ನೂ ಇಟ್ಟುಕೊಳ್ಳಲಿಲ್ಲ.

ಬೀಗದವನು ಚಾಚಿದ ಬಂಡೆಯ ಮೇಲೆ ಜಾರಿದ. ಸಿಕ್ಕಿಸಿದ ತುಂಡು ತಡೆಯಿತು, ಲೈನ್‌ಮನ್ ಹಿಡಿದ. ಆದರೆ ಸೊಂಟ ಕಲ್ಲಿಗೆ ಬಡಿದು ಮೇಲಿನವನ ಕಾಲು ಸ್ವಾಧೀನ ತಪ್ಪಿತು. ಹಗ್ಗ ಅರ್ಧಕ್ಕಿಂತ ಹೆಚ್ಚು ಮೇಲೆ ಹೋಗಿದ್ದರಿಂದ ಇಳಿಸಲು ಸಾಲದು. ಬಿಡುವಂತಿಲ್ಲ, ಎಳೆಯುವಂತಿಲ್ಲ. ಮಧ್ಯಾಹ್ನದಿಂದ ಹೊತ್ತು ಇಳಿಯುವವರೆಗೆ ಲೈನ್‌ಮನ್ ಹಿಡಿದೇ ನಿಂತ. ಮೇಕೆ ಅಟ್ಟಿಕೊಂಡು ಬಂದ ಯಾರೋ ಕಂಡು ಜನರನ್ನು ಕರೆತಂದರು. ಕಾಲಾಡಿಸದೆ ಅಷ್ಟು ಹೊತ್ತು ಪಟ್ಟಿಯಲ್ಲಿ ನೇತಾಡಿದರೆ ರಕ್ತ ತೊಡೆಯಲ್ಲೇ ನಿಂತುಬಿಡುತ್ತದಂತೆ. ಜನ ಬರುವಷ್ಟರಲ್ಲಿ ಬೀಗದವನದು ಮುಗಿದಿತ್ತು. ಹಗ್ಗವನ್ನು ಬಂಡೆಗೆ ಬಿಗಿದು, ಲೈನ್‌ಮನ್‌ನ ಬೆರಳುಗಳನ್ನು ಅದರಿಂದ ಒಂದೊಂದಾಗಿ ಬಿಡಿಸಬೇಕಾಯಿತು.

ಸೂಜಿಯನ್ನು ಬೈಕಿನ ಮೇಲೆ ಕರೆತಂದಾಗ ಅವನನ್ನು ಇನ್ನೂ ಇಳಿಸಿರಲಿಲ್ಲ. ಬೆಳಕು ಸಾಕಷ್ಟಿತ್ತು. ಅವನು ಗಾಳಿಗೆ ನಿಧಾನಕ್ಕೆ ಅತ್ತ ತಿರುಗಿ, ಕೊಂಚ ನಿಂತು, ಮತ್ತೆ ಇತ್ತ ತಿರುಗುತ್ತಿದ್ದ. ಯಾರೋ ಕರೆದಂತಾಗಿ ನೋಡುವವನ ಹಾಗೆ.

ಮನೆಗೆ ಬಂದರೆ ಮೊಳೆಗೆ ಹಾಕಿದ್ದ ಅವನ ರೇನ್‌ಕೋಟು ಬಾಗಿಲ ಗಾಳಿಗೆ ಅದೇ ರೀತಿ ತಿರುಗಿತು. ಅವಳು ಮೊದಲು ಕಿತ್ತಿದ್ದು ಆ ಮೊಳೆಯನ್ನು.

ಊರವರು ಲೈನ್‌ಮನ್‌ನನ್ನು ಹೊಗಳಿದರು. ಕೊನೆವರೆಗೂ ಬಿಡಲಿಲ್ಲವಲ್ಲ, ಅದೇ ದೊಡ್ಡದು ಎಂದರು. ಸೂಜಿ ಹೊಗಳಲೂ ಇಲ್ಲ, ಬೈಯಲೂ ಇಲ್ಲ. ಅವನು ರಜೆ ಹಾಕಿ ದೂರದ ಬೆಟ್ಟಗಳಲ್ಲಿ ಬಂಡೆ ಹತ್ತಲು ಕಲಿಸುವ ಶಾಲೆಗೆ ಹೋಗಿ, ಅಂದು ತನಗೆ ಬಾರದಿದ್ದುದನ್ನು ಕಲಿತು ಬಂದ. ಆಮೇಲೆ ಪ್ರತಿ ಭಾನುವಾರ ಬೆಟ್ಟದ ಬುಡದ ಚಿಕ್ಕ ಬಂಡೆಯ ಹತ್ತಿರ, ಬಂದವರಿಗೆಲ್ಲ ಅದೊಂದನ್ನೇ ಕಲಿಸುತ್ತಿದ್ದ. ಆಗಾಗ ಮನೆಗೆ ಬಂದು ಹೊಸ್ತಿಲ ಹತ್ತಿರ ಕೂತು, ಅತ್ತೆಯ ಮಂಡಿ ನೋವು ವಿಚಾರಿಸಿಕೊಂಡು ಹೋಗುತ್ತಿದ್ದ. ಅವನ ದನಿ ಕೇಳಿದರೆ ಸೂಜಿ ಒಳಕೋಣೆಗೆ ಸರಿಯುತ್ತಿದ್ದಳು. ಅಷ್ಟು ಹೊತ್ತು ನನ್ನ ಮಗ ಏನಾದರೂ ಹೇಳಿದನೇನಪ್ಪ ಎಂದು ಅತ್ತೆ ಒಮ್ಮೆ ಕೇಳಿದಳು.

“ಗಾಳಿ ಜೋರಿತ್ತು ಅಮ್ಮಾ. ಏನೂ ಕೇಳಿಸ್ಲಿಲ್ಲ,” ಎಂದ.

ಒಳಗಿದ್ದ ಸೂಜಿಗೂ ಇದು ಕೇಳಿತು. ಆ ದಿನ ಗಾಳಿ ಎಷ್ಟಿತ್ತೆಂದು ಅವಳು ಕಣ್ಣಾರೆ ಕಂಡಿದ್ದಳು. ನೇತಾಡುವವನನ್ನು ತಿರುಗಿಸುವಷ್ಟು, ಅಷ್ಟೇ.

ವರ್ಷಗಳು ಕಳೆದು ಮಗಳು ಗುಬ್ಬಿ ದೊಡ್ಡವಳಾದಳು. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಸಿಕ್ಕಿತು. ಭಾನುವಾರವೂ ಡ್ಯೂಟಿ ಎಂದು ಹೇಳಿ ಹೋಗುತ್ತಿದ್ದಳು. ಒಂದು ದಿನ ಕಾರ್ಖಾನೆಗೆ ರಿಪೇರಿಗೆ ಬಂದ ಚೀಲದ ರಾಶಿಯಲ್ಲಿ ಬಂಡೆ ಹತ್ತುವವರ ಒಂದು ಚೀಲವಿತ್ತು. ಪಟ್ಟಿ ಹರಿದ ಕಡೆ ಯಾರೋ ತಾತ್ಕಾಲಿಕವಾಗಿ ಕೈಹೊಲಿಗೆ ಹಾಕಿದ್ದರು. ಪ್ರತಿ ಸಲ ಒಂದು ಹೆಜ್ಜೆ ಹಿಂದೆ ಹೋಗಿ ಮುಂದೆ ಬರುವ ಹೊಲಿಗೆ, ಕೊನೆಗೆ ಅಡ್ಡ ಬೀಗ. ಸೂಜಿ ಅದನ್ನು ಒಬ್ಬಳಿಗೆ ಮಾತ್ರ ಕಲಿಸಿದ್ದಳು.

ಆ ಸಂಜೆ ಗುಬ್ಬಿ ಮನೆಗೆ ಬಂದಾಗ ಚೀಲ ಮೇಜಿನ ಮೇಲಿತ್ತು. ಗುಬ್ಬಿ ಸುಳ್ಳು ಹೇಳಲಿಲ್ಲ. ಒಂದೂವರೆ ವರ್ಷದಿಂದ ಹತ್ತುತ್ತಿದ್ದೇನೆ, ಅಪ್ಪನ ಲೋಹದ ತುಂಡುಗಳನ್ನು ಲೈನ್‌ಮನ್ ಮಾಮ ಎತ್ತಿಟ್ಟಿದ್ದರು, ಈಗ ಅವು ನನ್ನ ಹತ್ತಿರವೇ ಇವೆ ಎಂದಳು.

“ನೀನು ಬಿದ್ರೆ ಕೆಳಗೆ ಹಿಡಿಯೋರು ಯಾರು?” ಎಂದು ಸೂಜಿ ಕೇಳಿದಳು.

“ಮಾಮ.”

“ಅವರು ಒಂದ್ಸಲ ಹಿಡಿದಿದ್ದಾರೆ. ಸಾಕು.”

ಗುಬ್ಬಿಯ ಕಣ್ಣಲ್ಲಿ ನೀರು ಬಂತು, ಆದರೆ ಬಿಡುತ್ತೇನೆ ಎಂಬ ಮಾತು ಬರಲಿಲ್ಲ. ಅಪ್ಪ ಇರುವುದು ಅಲ್ಲಿ, ಮನೆಯಲ್ಲಿ ಅವನದೊಂದು ಅಂಗಿ ಕೂಡ ಕಣ್ಣಿಗೆ ಬೀಳುವುದಿಲ್ಲ ಎಂದಳು. ತಾಯಿ ಮಗಳು ಮಾತು ಬಿಟ್ಟರು. ಒಂದೇ ಮನೆಯಲ್ಲಿ ಅತ್ತೆಯ ಮೂಲಕ ಉಪ್ಪು ಕೇಳುವ, ಬಾಗಿಲು ಹಾಕಿಕೋ ಎನ್ನುವ ಸ್ಥಿತಿ. ಅತ್ತೆಗೆ ರೋಸಿಹೋಯಿತು. ಈ ವಯಸ್ಸಿಗೆ ಪೋಸ್ಟಾಫೀಸಿನ ಕೆಲಸ ನನ್ನಿಂದಾಗುವುದಿಲ್ಲ, ನೀವೇ ಕೂತು ತೀರ್ಮಾನ ಮಾಡಿಕೊಳ್ಳಿ ಎಂದು ಗದರಿದಳು. ಆಗ ಸೂಜಿ ಒಂದು ಷರತ್ತು ಹಾಕಿದಳು. ಗುಬ್ಬಿಯ ಹಗ್ಗ ತಾನೇ ಹಿಡಿಯಬೇಕು. ಅದಕ್ಕೆ ಮೊದಲು, ಭಾರ ಬಿದ್ದ ಹಗ್ಗದಿಂದ ಕೈ ಬಿಡಿಸಿಕೊಂಡು ಮೇಲಿನವರ ಹತ್ತಿರ ಹೋಗುವುದನ್ನು ತಾನು ಕಲಿಯಬೇಕು. ಕಲಿತರೆ ಗುಬ್ಬಿ ಹತ್ತಬಹುದು. ಆಗದಿದ್ದರೆ ಗುಬ್ಬಿಯೂ ಇನ್ನು ಬಂಡೆ ಮುಟ್ಟಬಾರದು.

“ನೀನಾ?” ಎಂದಳು ಅತ್ತೆ. “ಸ್ಟೂಲ್ ಹತ್ತಿ ಡಬ್ಬಿ ತೆಗಿ ಅಂದ್ರೆ ಪಕ್ಕದ ಮನೆಯೋರನ್ನ ಕೂಗೋಳು ನೀನು.”

ಗುಬ್ಬಿ ಒಪ್ಪಿಕೊಂಡಳು. ಅವಳಿಗೆ ಅಮ್ಮ ಮನಸ್ಸು ಮಾಡಿದಳೆಂಬ ಸಂತೋಷ. ಅತ್ತೆ ಮಾತ್ರ ಸೊಸೆಯ ಮುಖ ನೋಡಿದಳು. ಸೂಜಿ ಹೋಗುತ್ತಿರುವುದು ಸೋಲುವುದಕ್ಕೇ ಎಂದು ಆ ಮುದುಕಿಗೆ ಅರ್ಥವಾಗಿತ್ತು.

ಪಾಠ ಶುರುವಾಯಿತು. ಲೈನ್‌ಮನ್ ಮೊದಲ ದಿನ ನೆಲದ ಮೇಲೇ, ಮರದ ಕೊಂಬೆಗೆ ಮರಳಿನ ಮೂಟೆ ಕಟ್ಟಿ ತೋರಿಸಿದ. ಕೊಂಬೆಯಿಂದ ಇಳಿದ ಮೂಟೆ ಮೆಲ್ಲಗೆ ತಿರುಗಿದ್ದನ್ನು ಕಂಡು ಸೂಜಿ ಮರದ ಹಿಂದೆ ಹೋಗಿ ವಾಂತಿ ಮಾಡಿಕೊಂಡಳು. ಅವನು ನೀರಿನ ಬಾಟಲಿ ಅವಳ ಹತ್ತಿರ ಇಟ್ಟು ಅತ್ತ ತಿರುಗಿ ನಿಂತ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕಲಿತರು, ಕಲಿಸಿದರು. ಅವನು ಹಗ್ಗಕ್ಕೆ ಹೇಳುವವನಂತೆ ಹೇಳುತ್ತಿದ್ದ, ಅವಳು ಹಗ್ಗವನ್ನೇ ಕೇಳಿಸಿಕೊಳ್ಳುವವಳಂತೆ ಕೇಳುತ್ತಿದ್ದಳು.

ತೊಂದರೆ ಏನಾಯಿತೆಂದರೆ, ಅವಳ ಕೈ ಅವಳ ಮಾತು ಕೇಳಲಿಲ್ಲ. ತಪ್ಪು ಮಾಡಬೇಕೆಂದು ಹೋದವಳ ಬೆರಳುಗಳು ಗಂಟು ಕಂಡ ಕೂಡಲೇ ಚುರುಕಾದವು. ಮೊದಲು, ಸೊಂಟದಲ್ಲಿ ಹಗ್ಗ ಹಾಯುವ ಲೋಹದ ಬಿಲ್ಲೆಯ ಮುಂದೆ ಅದನ್ನು ಮಡಿಸಿ ಒಂದು ಬಿಚ್ಚುಗಂಟು, ಅಲ್ಲಿಗೆ ಕೈ ಖಾಲಿ. ಆಮೇಲೆ ಬಿಗಿದ ಹಗ್ಗಕ್ಕೆ ಹುರಿಯ ಕುಣಿಕೆಯನ್ನು ಮೂರು ಸುತ್ತು ಸುತ್ತಿ, ಅದನ್ನು ಬಂಡೆಗೆ ಬಿಗಿದ ಲಂಗರಿಗೆ ಜೋಡಿಸಬೇಕು. ನಂತರ ಮೊದಲ ಗಂಟನ್ನು ನಿಧಾನಕ್ಕೆ ಬಿಚ್ಚಿದರೆ ಭಾರ ಸೊಂಟದಿಂದ ಹುರಿಗೆ, ಹುರಿಯಿಂದ ಬಂಡೆಗೆ ಇಳಿಯುತ್ತದೆ. ಮೂಲ ಹಗ್ಗವನ್ನೂ ಲಂಗರಿಗೆ ಕಟ್ಟಿ ಭದ್ರ ಮಾಡಿ ತಾನು ಹೊರಬರಬಹುದು. ಎಳೆದರೆ ಕಚ್ಚುವ, ತಳ್ಳಿದರೆ ಸರಿಯುವ ಆ ಹುರಿಯ ಗುಣ ಅವಳಿಗೆ ದಾರದಷ್ಟೇ ಸಲೀಸಾಗಿ ತಿಳಿಯಿತು. ಕಾರ್ಖಾನೆಯಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಅವಳ ಬೆರಳು ಮಿಷನ್ನಿನ ಕಾಲಿಗೆ ಹುರಿ ಸುತ್ತುತ್ತಿರುತ್ತಿತ್ತು. ಯಜಮಾನ ಕಂಡು, ಮಿಷನ್ನು ಎಲ್ಲಿಗೂ ಓಡಿಹೋಗಲ್ಲ ತಾಯಿ, ಯಾಕೆ ಕಟ್ಟಿಹಾಕ್ತೀಯ ಎಂದು ನಕ್ಕ.

ಹೀಗೆ ಕಡೆಯ ಪರೀಕ್ಷೆಯ ಭಾನುವಾರ ಬಂತು. ಚಿಕ್ಕ ಬಂಡೆಯ ನಡುವೆ ಒಂದು ಅಂಚು, ಅಲ್ಲಿ ಸೂಜಿ. ಅವಳ ತಲೆಯ ಮೇಲೆ ಉಬ್ಬಿದ ಕಲ್ಲು, ಅದರಾಚೆ ಪೆಟ್ಟು ಬಿದ್ದವನ ಹಾಗೆ ನೇತುಬಿದ್ದ ಲೈನ್‌ಮನ್. ಬಂಡೆಯ ನೆತ್ತಿಯ ಮರದ ಬುಡದಲ್ಲಿ ಗುಬ್ಬಿ. ಸೂಜಿ ತಪ್ಪಿದರೆ ಅವನನ್ನು ಹಿಡಿಯಲು ಎರಡನೆಯ ಹಗ್ಗವೊಂದು ಸಡಿಲವಾಗಿ ಅವಳ ಕೈಯಲ್ಲಿತ್ತು. ನೇತಾಡುವವನು ಮಾತಾಡಬಾರದು, ಪ್ರಜ್ಞೆಯಿಲ್ಲದವನಂತೆ ಇರಬೇಕು ಎಂಬುದು ಪರೀಕ್ಷೆಯ ನಿಯಮ. ಲೈನ್‌ಮನ್ ಸುಮ್ಮನೆ ತನ್ನ ಮೈಭಾರ ಬಿಟ್ಟ. ಹಗ್ಗ ಸೂಜಿಯ ಸೊಂಟವನ್ನು ಹಿಡಿದು ಮೇಲಕ್ಕೆಳೆಯಿತು.

ಮೊದಲ ಗಂಟು ಹಾಕಿದಳು. ಕೈ ಬಿಟ್ಟಳು. ಹಗ್ಗ ನಿಂತಿತು.

ಹುರಿ ತೆಗೆದು ಹಗ್ಗಕ್ಕೆ ಒಂದು ಸುತ್ತು ಸುತ್ತಿದಳು, ಎರಡು ಸುತ್ತು ಸುತ್ತಿದಳು. ಅಲ್ಲಿ ಅವಳ ಕೈ ನಿಂತಿತು.

ಎರಡೇ ಸುತ್ತಿಗೆ ಬಿಟ್ಟರೆ ಹುರಿ ಕಚ್ಚದೆ ಜಾರುತ್ತದೆ. ಲೈನ್‌ಮನ್‌ಗೆ ಏನೂ ಆಗುವುದಿಲ್ಲ, ಮೇಲೆ ಗುಬ್ಬಿ ಹಿಡಿದಿದ್ದಾಳೆ. ಆಗಲಿಲ್ಲ ಎಂದು ಅವನು ಹೇಳುತ್ತಾನೆ. ಗುಬ್ಬಿ ಕೊಟ್ಟ ಮಾತಿನಂತೆ ಬೂಟು ಬಿಚ್ಚಿಡುತ್ತಾಳೆ. ಒಂದು ಸುತ್ತು ಬಿಟ್ಟರೆ ಮಗಳು ಬದುಕಿನುದ್ದಕ್ಕೂ ನೆಲದ ಮೇಲಿರುತ್ತಾಳೆ. ಸೂಜಿ ಹುರಿಯ ತುದಿ ಹಿಡಿದುಕೊಂಡು ನಿಂತೇ ಇದ್ದಳು. ಬಿಸಿಲು ಕಲ್ಲಿನ ಮೇಲೆ ಸರಿಯಿತು. ಹಗ್ಗ ಕಲ್ಲಿಗೆ ಉಜ್ಜಿ ಕಿರ್ ಎಂದಿತು, ನಿಂತಿತು, ಮತ್ತೆ ಕಿರ್ ಎಂದಿತು. ಮೇಲಿನ ಭಾರ ತಿರುಗುತ್ತಿದೆ ಎಂದು ನೋಡದೆಯೇ ಅವಳಿಗೆ ತಿಳಿಯಿತು. ಯಾರ ಭಾರ ಅದು ಎಂಬುದು ಮಾತ್ರ ಹೊತ್ತು ಹೋದಂತೆ ಅನುಮಾನಕ್ಕೆ ಬಂತು.

ಆಗ ಕಲ್ಲಿನಾಚೆಯಿಂದ ದನಿ ಬಂತು.

“ಕೈ ನೋಯ್ತಿದ್ಯೇನೋ?”

ಲೈನ್‌ಮನ್ ಸೂಜಿಯನ್ನು ಅತ್ತಿಗೆ ಎನ್ನುತ್ತಿದ್ದವನು, ಬಹುವಚನ ಬಿಟ್ಟು ಮಾತಾಡಿದವನಲ್ಲ. ದನಿ ಅವನದೇ. ಆದರೆ ನೆನೆದ ಬಟ್ಟೆಯಂತೆ ಭಾರವಾಗಿತ್ತು, ಎಲ್ಲೋ ದೂರದಲ್ಲಿತ್ತು.

“ಸ್ವಲ್ಪ ಹೊತ್ತು ಬಿಟ್ಟು ಕೈ ಒದರ್ಕೊಳ್ಳೋ. ನಾನು ಇಲ್ಲೇ ಇರ್ತೀನಿ. ಎಲ್ಲಿಗೆ ಹೋಗ್ಲಿ.”

ಆ ತಮಾಷೆ ಯಾರದೆಂದು ಸೂಜಿಗೆ ಯಾರೂ ಹೇಳಬೇಕಾಗಿರಲಿಲ್ಲ. ಜ್ವರದಲ್ಲಿ ಮಲಗಿದ್ದಾಗಲೂ ಬೀಗದವನು ಹಾಗೆಯೇ ಮಾತಾಡುತ್ತಿದ್ದ. ಬಂಡೆಯ ನೆತ್ತಿಯಲ್ಲಿ ಗುಬ್ಬಿಯೂ ಕೇಳಿಸಿಕೊಂಡಿರಬೇಕು. ಎರಡನೆಯ ಹಗ್ಗ ಒಮ್ಮೆ ನಡುಗಿತು.

ಸೂಜಿ ಮೂರನೆಯ ಸುತ್ತು ಸುತ್ತಿದಳು. ಲಂಗರಿಗೆ ಜೋಡಿಸಿದಳು, ಮೊದಲ ಗಂಟು ಬಿಚ್ಚಿದಳು. ಹುರಿ ಹಗ್ಗವನ್ನು ಕಚ್ಚಿ ಹಿಡಿಯಿತು. ಸೊಂಟದಿಂದ ಭಾರ ಇಳಿದದ್ದು ಯಾರೋ ಹಿಂದಿನಿಂದ ತಬ್ಬಿದ್ದವರು ತೋಳು ಸಡಿಲಿಸಿದಂತಿತ್ತು. ಮೂಲ ಹಗ್ಗ ಭದ್ರ ಮಾಡಿ, ಇನ್ನೆರಡು ಕುಣಿಕೆ ಹಗ್ಗಕ್ಕೆ ಸುತ್ತಿ, ಒಂದಕ್ಕೆ ಸೊಂಟ ಕೊಟ್ಟು, ಒಂದಕ್ಕೆ ಪಾದ ಕೊಟ್ಟು, ಹುಳ ಏರಿದ ಹಾಗೆ ಮೇಲಕ್ಕೆ ಹೋದಳು. ಕೆಳಗೆ ನೋಡಿದಳೋ ಇಲ್ಲವೋ ಅವಳಿಗೂ ಆಮೇಲೆ ನೆನಪಾಗಲಿಲ್ಲ.

ಉಬ್ಬು ದಾಟಿದರೆ ಲೈನ್‌ಮನ್‌ನ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು, ತುಟಿ ಬೆವೆತಿತ್ತು. ಕಣ್ಣು ತೆರೆದಿದ್ದವು, ಆದರೆ ಅವಳನ್ನು ನೋಡುತ್ತಿರಲಿಲ್ಲ. ಅವಳು ಕೆಳಗೆ ಯೋಚಿಸುತ್ತಾ ನಿಂತಷ್ಟು ಹೊತ್ತು ಅವನು ನಿಯಮದಂತೆ ಅಲ್ಲಾಡದೆ ನೇತಾಡಿದ್ದ. ಪರೀಕ್ಷೆ ಈಗ ಆಟವಾಗಿ ಉಳಿದಿರಲಿಲ್ಲ. ಸೂಜಿ ಅವನ ಎದೆಗೆ ಪಟ್ಟಿ ಹಾಕಿ ನೆಟ್ಟಗೆ ಮಾಡಿದಳು, ಮಂಡಿ ಎತ್ತಿ ಎರಡು ಪಾದವನ್ನೂ ಕುಣಿಕೆಗೆ ಸೇರಿಸಿ, ಒತ್ತಿ ಎಂದಳು. ಒತ್ತಲಿಲ್ಲ. ಕೆನ್ನೆಗೆ ಎರಡು ಬಿಗಿದಳು.

“ಒತ್ತಿ ಅಣ್ಣ. ಕಾಲು ಒತ್ತಿ.”

ಅವನು ಒತ್ತಿದ. ಸ್ವಲ್ಪ ಹೊತ್ತಿಗೆ ಕಣ್ಣು ಅವಳ ಮೇಲೆ ನಿಂತವು. ತಾನು ಏನು ಮಾತಾಡಿದೆನೆಂದು ಅವನಿಗೆ ಗೊತ್ತಿತ್ತೋ ಇಲ್ಲವೋ, ಅವಳ ಮುಖ ನೋಡಿ ತಿಳಿದುಕೊಂಡ.

“ಅದನ್ನೇ ಕೇಳ್ತಿದ್ದ ಅತ್ತಿಗೆ. ತನಗೆ ಏನಾಗಿದೆ ಅಂತ ಒಂದ್ಸಲಾನೂ ಹೇಳ್ಲಿಲ್ಲ. ನನ್ನ ಕೈದೇ ಚಿಂತೆ. ಆಮೇಲೆ ಕೇಳೋದು ನಿಲ್ಲಿಸ್ದ. ಈಗ್ಲೂ ಹಗ್ಗ ಹಿಡಿದ್ರೆ ಕೇಳ್ತಾನೆ.”

ಸೂಜಿ ತನ್ನ ಎರಡು ಅಂಗೈಯನ್ನೂ ಅವನ ಮುಂದೆ ಹಿಡಿದು ತೋರಿಸಿದಳು. ಖಾಲಿ ಇದ್ದವು.

ಮತ್ತೆ ಅಂಚಿಗೆ ಇಳಿದು, ಭಾರವನ್ನು ತನ್ನ ಮೇಲೆ ತೆಗೆದುಕೊಂಡು, ಅವನನ್ನು ಮೆಲ್ಲಗೆ ನೆಲಕ್ಕೆ ಇಳಿಸಿ, ತಾನೂ ಇಳಿದಳು. ಗುಬ್ಬಿ ಹಿಂದಿನ ದಾರಿಯಿಂದ ಓಡಿ ಬಂದಳು. ಲೈನ್‌ಮನ್ ಬಂಡೆಗೆ ಒರಗಿ ಕೂತು ತೊಡೆ ತಿಕ್ಕಿಕೊಳ್ಳುತ್ತಿದ್ದ. ಗುಬ್ಬಿ ಅವನ ಪಕ್ಕದಲ್ಲಿ ಕೂತು, ಲ್ಯಾಬಿನ ಅಭ್ಯಾಸದಂತೆ ಅವನ ನಾಡಿ ಹಿಡಿದಳು. ಎಣಿಸುವುದು ಮುಗಿದರೂ ಕೈ ಬಿಡಲಿಲ್ಲ.

ಕೊನೆಗೆ ಲೈನ್‌ಮನ್, ಅಂಚಿನಲ್ಲಿ ಅಷ್ಟು ಹೊತ್ತು ಯಾಕಾಯಿತು, ಹುರಿ ಸಿಕ್ಕಿಕೊಂಡಿತೇ ಎಂದು ಕೇಳಿದ.

“ಇಲ್ಲ. ಸಿಕ್ಕಿಕೊಂಡಿರ್ಲಿಲ್ಲ,” ಎಂದಳು ಸೂಜಿ. “ಬೇಕಂತಲೇ ನಿಂತಿದ್ದೆ.”

ಅವನು ಅವಳನ್ನು ನೋಡಿದ. ಆ ಬಂಡೆಯ ಬುಡದಲ್ಲಿ ಅವರು ಮುಖ ನೋಡಿಕೊಂಡದ್ದು ಅದೇ ಮೊದಲು. ಗುಬ್ಬಿ ತಲೆ ತಗ್ಗಿಸಿ ಕೂತಿದ್ದಳು. ಅಮ್ಮ ಇನ್ನೂ ಆಗುವುದಿಲ್ಲ ಎನ್ನಬಹುದು ಎಂದು ಅವಳಿಗೆ ಗೊತ್ತಿತ್ತು. ಸೂಜಿ ಹಗ್ಗವನ್ನು ಮೊಣಕೈಯಿಂದ ಹೆಬ್ಬೆರಳಿಗೆ ಸುತ್ತಿ ಸುರುಳಿ ಮಾಡಿ ಮುಗಿಸಿದಳು.

“ಬರೋ ಭಾನುವಾರ ಬೇಗ ಏಳು,” ಎಂದಳು ಮಗಳಿಗೆ. “ಹುರಿ ಮಾತ್ರ ನನ್ನದು ನನ್ನ ಹತ್ರಾನೇ ಇರುತ್ತೆ. ಎಷ್ಟು ಕೇಳಿದ್ರೂ ಕೊಡಲ್ಲ.”

ಆ ಭಾನುವಾರ ಗುಬ್ಬಿ ಹತ್ತಿದಳು, ದೊಡ್ಡ ಬಂಡೆಯನ್ನೇ. ಸೂಜಿ ಮಗಳ ಹಿಂದೆ ಹಗ್ಗದ ಮೇಲೆ ಏರಿ, ಅಂದು ಲೈನ್‌ಮನ್ ನಿಂತಿದ್ದ ಅದೇ ಅಂಚಿನಲ್ಲಿ, ಸೊಂಟದಲ್ಲಿ ಕುಣಿಕೆಗಳನ್ನು ಸಿಕ್ಕಿಸಿಕೊಂಡು ನಿಂತಳು. ಗುಬ್ಬಿಯ ಬೂಟು ಚಾಚಿದ ಕಲ್ಲಿನಾಚೆ ಮರೆಯಾಯಿತು. ಆಮೇಲೆ ಕಾಣಲು ಏನೂ ಇರಲಿಲ್ಲ, ಹಗ್ಗ ಒಂದೇ. ಅದು ಸ್ವಲ್ಪ ಹೋಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಹೋಗುತ್ತಿತ್ತು. ಒಂದು ಕಡೆ ಬಹಳ ಹೊತ್ತು ನಿಂತಿತು. ಕೆಳಗೆ ದೂರದಲ್ಲಿ ಲೈನ್‌ಮನ್ ಒಂದು ಕಲ್ಲಿನ ಮೇಲೆ ಕೂತಿದ್ದ, ತಲೆ ಎತ್ತಿರಲಿಲ್ಲ. ಗಾಳಿ ಇರಲಿಲ್ಲ. ಹಗ್ಗದ ಆ ತುದಿಯಲ್ಲಿರುವುದು ಯಾರೆಂದು ಸೂಜಿಗೆ ಒಂದು ಗಳಿಗೆ ತಿಳಿಯದೆ ಹೋಯಿತು. ಕರೆಯಬೇಕೆಂದರೆ ಯಾವ ಹೆಸರು ಹಿಡಿದು ಕರೆಯುವುದೋ ಬಾಯಿಗೆ ಬರಲಿಲ್ಲ. ಮೇಲಿನಿಂದ ಯಾರಾದರೂ ಏನಾದರೂ ಕೇಳುತ್ತಾರೇನೋ ಎಂದು ಉಸಿರು ಹಿಡಿದು ನಿಂತಳು.

ಹಗ್ಗ ಒಂದು ಮೊಳ ಎಳೆಯಿತು. ಅವಳು ಒಂದು ಮೊಳ ಬಿಟ್ಟಳು.